ಡೇರೆಗೆ ಕರೆಂಟ್: ಜನರೇಟರ್ ಎಲ್ಲಿಡಬೇಕು, ಹೇಗೆ ಓಡಿಸಬೇಕು

ಬಯಲಿನಲ್ಲಿ ಶಿಬಿರ ಹೂಡುವವರು ಡೇರೆಗೆ ಜಾಗ ನೋಡುತ್ತಾರೆ, ನೀರಿನ ಟ್ಯಾಂಕ್‌ಗೆ ಜಾಗ ನೋಡುತ್ತಾರೆ. ಜನರೇಟರ್‌ಗೆ ಮಾತ್ರ ಯಾರೂ ನೋಡುವುದಿಲ್ಲ. ಗಾಡಿಯಿಂದ ಇಳಿಸಿದ ಕಡೆಯೇ ಅದರ ಜಾಗ. ಕತ್ತಲಾಗುವ ಹೊತ್ತಿಗೆ ಯಾರೋ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯುತ್ತಾರೆ, ವೈರ್ ಸಾಲುವುದಿಲ್ಲ, ಆಗ ಜನರೇಟರನ್ನೇ ನಾಲ್ಕು ಹೆಜ್ಜೆ ಡೇರೆಯ ಕಡೆಗೆ ತಳ್ಳುತ್ತಾರೆ. ಶಿಬಿರಗಳ ಕರೆಂಟ್ ಕೆಲಸ ನೋಡಿಕೊಂಡು ಬಂದ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಆ ನಾಲ್ಕು ಹೆಜ್ಜೆ. ಎಷ್ಟು ಕೆವಿಎ (ಜನರೇಟರ್‌ನ ಸಾಮರ್ಥ್ಯದ ಅಳತೆ) ಬೇಕು ಎಂಬ ಪ್ರಶ್ನೆ ಆಮೇಲಿನದು. ಮೊದಲು ಎಲ್ಲಿಡಬೇಕು ಎಂಬುದು ತೀರ್ಮಾನವಾಗಲಿ, ವೈರ್ ಅದಕ್ಕೆ ತಕ್ಕಷ್ಟು ಉದ್ದ ತರೋಣ.

ಮೊದಲು ಜಾಗ

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪ ಬೆರೆತರೂ ಸಾಕು, ಮೈಗೆ ಆಮ್ಲಜನಕ ಸಿಗುವುದು ಕಡಿಮೆಯಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ ಇದರ ಲಕ್ಷಣಗಳು. ದಿನವಿಡೀ ಬಿಸಿಲಲ್ಲಿ ಓಡಾಡಿದವರಿಗೂ ಇವೇ ಆಗುತ್ತವೆ. ‘ದಣಿವು, ಮಲಗಿದರೆ ಸರಿಹೋಗುತ್ತದೆ’ ಎಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಒಂದೇ ಡೇರೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ದಣಿವೆಂದು ಬಿಡಬೇಡಿ. ಎಲ್ಲರನ್ನೂ ಬಯಲಿಗೆ ಕರೆತನ್ನಿ, ಜನರೇಟರ್ ನಿಲ್ಲಿಸಿ, ವೈದ್ಯಕೀಯ ನೆರವಿಗೆ ಕರೆ ಮಾಡಿ.

ಜನ ಇರುವ ಡೇರೆ, ಕೋಣೆ, ವಾಹನ ಯಾವುದರಿಂದಲೂ ಜನರೇಟರ್ 6 ಮೀಟರ್‌ಗಿಂತ ಹತ್ತಿರ ಬರಬಾರದು. ಅದು ಕನಿಷ್ಠ ಅಂತರ. ಮಲಗುವ ಡೇರೆಗಳಿಂದ ನಾನು 20 ಮೀಟರ್ ದೂರ ಇಡುತ್ತೇನೆ, ಸದ್ದಿಗೂ ಅದು ಒಳ್ಳೆಯದು. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸೈಲೆನ್ಸರ್ ಬಾಯಿ ಶಿಬಿರಕ್ಕೆ ಬೆನ್ನು ಹಾಕಿರಲಿ. ಒಂದು ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿ ಜನರೇಟರ್ ಪಕ್ಕ ನೆಟ್ಟರೆ ಗಾಳಿ ಎತ್ತ ಬೀಸುತ್ತಿದೆ ಎಂದು ದೂರದಿಂದಲೇ ಕಾಣುತ್ತದೆ. ಹಗಲಿನ ಗಾಳಿ ರಾತ್ರಿ ದಿಕ್ಕು ಬದಲಿಸುವುದು ಬೆಟ್ಟದ ತಪ್ಪಲಲ್ಲೂ ನೀರಿನ ದಡದಲ್ಲೂ ಸಾಮಾನ್ಯ, ಆದ್ದರಿಂದ ಕತ್ತಲಾದ ಮೇಲೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಡೇರೆಯ ಬಾಗಿಲು ತೆರೆದಿಟ್ಟರೆ ಸಾಕು ಎಂಬುದು ತಪ್ಪು ನಂಬಿಕೆ. ಮಲಗುವ ಪ್ರತಿ ಡೇರೆಯಲ್ಲೂ ಬ್ಯಾಟರಿ ಮೇಲೆ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ.

ನೆಲ ಗಟ್ಟಿಯಾಗಿ, ಸಮತಟ್ಟಾಗಿ, ಸುತ್ತಲಿಗಿಂತ ತುಸು ಎತ್ತರದಲ್ಲಿರಬೇಕು. ವಾಲಿದ ಜನರೇಟರ್‌ನಲ್ಲಿ ಆಯಿಲ್ ಒಂದು ಬದಿಗೆ ಸರಿದು, ಆಯಿಲ್ ಕಡಿಮೆಯಿದೆ ಎಂದುಕೊಂಡು ಸೆನ್ಸರ್ ಎಂಜಿನ್ ನಿಲ್ಲಿಸಿಬಿಡುತ್ತದೆ. ಕೆಟ್ಟಿದೆಯೆಂದು ಅರ್ಧ ಗಂಟೆ ಹಗ್ಗ ಎಳೆದವರನ್ನು ನೋಡಿದ್ದೇನೆ, ಅಡಿಗೆ ಒಂದು ಹಲಗೆ ಕೊಟ್ಟ ಕೂಡಲೇ ಓಡಿತು. ಸುತ್ತ ಒಂದು ಮೀಟರ್‌ನಷ್ಟು ಒಣಹುಲ್ಲು, ತರಗೆಲೆ ಬಳಿದು ತೆಗೆಯಿರಿ. ಮಳೆಯ ಭಯವಿದ್ದರೆ ಮೇಲೆ ಎತ್ತರದಲ್ಲಿ ಮಾಡು ಕಟ್ಟಿ, ನಾಲ್ಕೂ ಬದಿ ತೆರೆದಿರಲಿ. ಓಡುತ್ತಿರುವ ಜನರೇಟರ್ ಮೇಲೆ ಟಾರ್ಪಾಲು ಹೊದಿಸುವ ಅಭ್ಯಾಸವಂತೂ ಬೇಡವೇ ಬೇಡ.

ಲೋಡ್ ಲೆಕ್ಕ: ಕೆಟಲ್ ಬೇಕೇ ಬೇಕಾ?

ಚೀಟಿಯಲ್ಲಿ ಎರಡು ಸಾಲು ಮಾಡಿ, ಓಡುವಾಗಿನ ವ್ಯಾಟ್ ಒಂದರಲ್ಲಿ, ಶುರುವಾಗುವಾಗಿನ ವ್ಯಾಟ್ ಇನ್ನೊಂದರಲ್ಲಿ. ಬಲ್ಬು, ಚಾರ್ಜರ್‌ಗಳಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಪಂಪು, ಫ್ರಿಜ್‌ಗಳಂಥ ಮೋಟರ್ ಇರುವ ವಸ್ತುಗಳು ಶುರುವಾಗುವ ಕ್ಷಣ ಮೂರು ಪಟ್ಟು, ಕೆಲವೊಮ್ಮೆ ಆರು ಪಟ್ಟು ಎಳೆಯುತ್ತವೆ.

ಒಂದು ಶಿಬಿರದ ಲೆಕ್ಕ ನೋಡಿ. 10 ವ್ಯಾಟ್‌ನ 20 ಎಲ್‌ಇಡಿ ಬಲ್ಬು, 200. ಫೋನ್ ಚಾರ್ಜಿಂಗ್, 150. ಎರಡು ಲ್ಯಾಪ್‌ಟಾಪ್, 120. ಮೈಕ್ ಸೆಟ್, 300. ಫ್ರಿಜ್, 150. ಅರ್ಧ ಎಚ್‌ಪಿ ಪಂಪು, 600. ಒಟ್ಟು 1,520 ವ್ಯಾಟ್. ಪಂಪು ಶುರುವಾಗುವಾಗ ಕಡಿಮೆಯೆಂದರೂ ಇನ್ನೊಂದು 1,200 ಸೇರಿಸಿ, 2,720 ಆಯಿತು. ಜನರೇಟರ್ ಮೇಲೆ ಬರೆದಿರುವುದು ಕೆವಿಎ ಆದರೆ ಅದನ್ನು ಸಾಮಾನ್ಯವಾಗಿ 0.8ರಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 4 ಕೆವಿಎ ಎಂದರೆ 3.2 ಕಿಲೋವ್ಯಾಟ್. ಈ ಶಿಬಿರಕ್ಕೆ ಅದು ಸಾಕು, ಓಡುವಾಗಿನ ಹೊರೆ ಅರ್ಧದಷ್ಟೇ ಇರುತ್ತದೆ.

ಈಗ ಯಾರೋ 1,500 ವ್ಯಾಟ್‌ನ ನೀರು ಕಾಯಿಸುವ ಕೆಟಲ್ ತಂದರು ಎನ್ನಿ. ಲೆಕ್ಕ 4,220ಕ್ಕೆ ಏರಿತು, 6 ಕೆವಿಎ ಬೇಕಾಯಿತು. ಒಂದು ಕೆಟಲ್‌ಗಾಗಿ ಇಡೀ ಯಂತ್ರ ದೊಡ್ಡದಾಯಿತು! ಬಿಸಿ ಮಾಡುವ ಕೆಲಸವನ್ನೆಲ್ಲ ಗ್ಯಾಸ್ ಒಲೆಗೆ ಬಿಡಿ, ಅದೂ ಡೇರೆಯ ಹೊರಗೆ.

ಹಾಗೆಂದು ಬೇಕಾದ್ದಕ್ಕಿಂತ ತೀರಾ ದೊಡ್ಡದನ್ನು ತರುವುದೂ ಸರಿಯಲ್ಲ. ಡೀಸೆಲ್ ಎಂಜಿನ್ ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ದಿನಗಟ್ಟಲೆ ಓಡಿದರೆ ಸಾಕಷ್ಟು ಬಿಸಿಯಾಗದೆ, ಪೂರ್ತಿ ಉರಿಯದ ಇಂಧನ ಮಸಿಯಾಗಿ ಹೊಗೆಕೊಳವೆಯಲ್ಲಿ ಕೂರುತ್ತದೆ. ಎತ್ತರದ ಜಾಗಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿದಂತೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಅರ್ಥಿಂಗ್: ಟೆಸ್ಟ್ ಗುಂಡಿ ಹೇಳದ ವಿಷಯ

ಒಮ್ಮೆ ಶಿಬಿರದ ವೈರಿಂಗ್ ಮುಗಿಸಿ, 30 ಮಿಲಿಆಂಪಿಯರ್‌ನ ಹೊಸ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಹಾಕಿ, ಅದರ ಟೆಸ್ಟ್ ಗುಂಡಿ ಒತ್ತಿದೆ. ಟಕ್ಕೆಂದು ಟ್ರಿಪ್ ಆಯಿತು. ನಿಶ್ಚಿಂತೆಯಾಯಿತು ಎಂದುಕೊಂಡೆ. ಜೊತೆಗಿದ್ದ ಹಿರಿಯ ಎಲೆಕ್ಟ್ರಿಷಿಯನ್ ಏನೂ ಹೇಳದೆ ತಮ್ಮ ಟೆಸ್ಟ್ ಲ್ಯಾಂಪ್ ತೆಗೆದು, ಒಂದು ತುದಿಯನ್ನು ಸಾಕೆಟ್‌ನ ಫೇಸ್‌ಗೆ, ಇನ್ನೊಂದನ್ನು ಅರ್ಥ್ ಪಿನ್‌ಗೆ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ. ‘ಇದು ಯಾರನ್ನೂ ಕಾಯುವುದಿಲ್ಲ ಸರ್’ ಎಂದರು.

ಆರ್‌ಸಿಸಿಬಿ ಮಾಡುವುದು ಹೋಲಿಕೆ. ಫೇಸ್‌ನಲ್ಲಿ ಹೋದ ಕರೆಂಟ್‌ನಷ್ಟೇ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ನೋಡುತ್ತದೆ, ಬಾರದಿದ್ದರೆ ಟ್ರಿಪ್ ಆಗುತ್ತದೆ. ಕರೆಂಟ್ ಬೇರೆ ದಾರಿಯಲ್ಲಿ, ಅಂದರೆ ನೆಲದ ಮೂಲಕ, ಜನರೇಟರ್‌ಗೆ ಮರಳಲು ದಾರಿ ಇದ್ದರೆ ಮಾತ್ರ ಆ ವ್ಯತ್ಯಾಸ ಹುಟ್ಟುತ್ತದೆ. ಚಿಕ್ಕ ಜನರೇಟರ್‌ಗಳಲ್ಲಿ, ಇನ್ವರ್ಟರ್ ಮಾದರಿಯವುಗಳಲ್ಲಂತೂ, ನ್ಯೂಟ್ರಲ್‌ಗೂ ಯಂತ್ರದ ಚೌಕಟ್ಟಿಗೂ ಸಂಬಂಧವಿರದಿರುವುದೇ ಹೆಚ್ಚು. ಇದಕ್ಕೆ ತೇಲುವ ನ್ಯೂಟ್ರಲ್ ಎನ್ನುತ್ತಾರೆ. ಟೆಸ್ಟ್ ಗುಂಡಿಯಾದರೋ ಆರ್‌ಸಿಸಿಬಿಯ ಒಳಗೇ ಫೇಸ್, ನ್ಯೂಟ್ರಲ್ ನಡುವೆ ಚಿಕ್ಕ ವ್ಯತ್ಯಾಸ ಹುಟ್ಟಿಸುತ್ತದೆ, ಅದಕ್ಕೆ ಅರ್ಥಿಂಗ್ ಬೇಕೇ ಇಲ್ಲ. ಹಾಗಾಗಿ ಗುಂಡಿ ಒತ್ತಿದಾಗ ಬಿತ್ತು ಎಂದರೆ ಸ್ವಿಚ್ ಕೆಲಸ ಮಾಡುತ್ತದೆ ಎಂದಷ್ಟೇ ಅರ್ಥ.

ನ್ಯೂಟ್ರಲ್ ತೇಲುತ್ತಿದ್ದರೆ ಎಲ್ಲ ಸಂದರ್ಭದಲ್ಲೂ ಅಪಾಯ ಎಂದಲ್ಲ. ಒಂದು ಜನರೇಟರ್, ಗಿಡ್ಡ ವೈರ್, ಒಂದೆರಡು ವಸ್ತು ಇದ್ದಾಗ ಅದು ಒಂದು ಬಗೆಯ ರಕ್ಷಣೆಯೇ, ಒಂದೇ ತಂತಿ ಮುಟ್ಟಿದರೆ ಕರೆಂಟ್‌ಗೆ ಮರಳುವ ದಾರಿಯಿಲ್ಲ. ಹತ್ತಾರು ಡೇರೆ, ನೂರಾರು ಮೀಟರ್ ವೈರ್, ಒದ್ದೆ ನೆಲ ಬಂದಾಗ ಕಥೆ ಬದಲಾಗುತ್ತದೆ. ಎಲ್ಲೋ ಒಂದು ತಂತಿಯ ಕವಚ ಹರಿದು ನೆಲ ಮುಟ್ಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಇನ್ನೊಂದು ತಂತಿ ಮುಟ್ಟಿದವನಿಗೆ ಪೂರ್ತಿ ಶಾಕ್.

ಆದ್ದರಿಂದ ಹಲವು ಕಡೆಗೆ ಕರೆಂಟ್ ಹಂಚುವ ಶಿಬಿರದಲ್ಲಿ ಅರ್ಥ್ ರಾಡ್ ನೆಟ್ಟು, ನ್ಯೂಟ್ರಲನ್ನು ಚೌಕಟ್ಟಿಗೂ ಅರ್ಥ್‌ಗೂ ಒಂದೇ ಒಂದು ಜಾಗದಲ್ಲಿ, ಜನರೇಟರ್ ಬಳಿಯೇ, ಆರ್‌ಸಿಸಿಬಿಗಿಂತ ಮೊದಲು ಸೇರಿಸಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ, ಯಂತ್ರದ ಕೈಪಿಡಿ ಒಪ್ಪಿದರೆ ಮಾತ್ರ. ರಾಡ್ ತೇವವಿರುವ ಮಣ್ಣಿಗೆ ಇಳಿಯಲಿ, ಕ್ಲ್ಯಾಂಪ್ ಬಿಗಿಯಾಗಿರಲಿ. ಅಂದು ನಮ್ಮ ಹಿರಿಯರು ಆ ಜೋಡಣೆ ಮಾಡಿ ಅದೇ ಲ್ಯಾಂಪನ್ನು ಮತ್ತೆ ಮುಟ್ಟಿಸಿದರು. ಬಲ್ಬು ಮಿಣುಕುವಷ್ಟರಲ್ಲಿ ಸ್ವಿಚ್ ಬಿದ್ದಿತ್ತು. ನೀವು ಈ ಪ್ರಯೋಗ ಮಾಡಲು ಹೋಗಬೇಡಿ, ಮಾಡಿ ತೋರಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ.

ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ, ಲೋಡ್ ಮಿತಿ ಮೀರಿದರೆ ಆಫ್ ಆಗುವ ಎಂಸಿಬಿ ಪ್ರತಿ ಸಾಲಿಗೂ ಬೇರೆ ಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನೂ ಅದು ಉಳಿಸುವುದಿಲ್ಲ.

ವೈರ್ ಎಳೆಯುವುದು

ದೂರ ಇಟ್ಟದ್ದಕ್ಕೆ ತೆರಬೇಕಾದ ಬೆಲೆ ವೋಲ್ಟೇಜ್ ಇಳಿಕೆ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ 50 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲಿ 12 ವೋಲ್ಟ್ ಕಳೆಯುತ್ತದೆ, 230 ವೋಲ್ಟ್‌ನಲ್ಲಿ ಅದು ಶೇ 5. ಅದೇ 2.5 ಚದರ ಮಿಲಿಮೀಟರ್ ಆದರೆ 7.4 ವೋಲ್ಟ್. ಬಲ್ಬುಗಳಿಗೆ ಇದು ಲೆಕ್ಕಕ್ಕಿಲ್ಲ, ಪಂಪಿಗೆ ಇದೆ. ವೋಲ್ಟೇಜ್ ಸಾಲದ ಮೋಟರ್ ತಿರುಗಲಾರದೆ ಗುಂಯ್‌ಗುಡುತ್ತ ನಿಂತು ಸುಟ್ಟುಹೋಗುತ್ತದೆ. ಮುಖ್ಯ ಸಾಲು 2.5 ಅಥವಾ 4 ಇರಲಿ, ಹೊರಗಡೆ ಬಳಸುವ ರಬ್ಬರ್ ಕವಚದ ಮೂರು ತಂತಿಯ ಕೇಬಲ್ಲೇ ಆಗಲಿ.

ಡ್ರಮ್ಮಿಗೆ ಸುತ್ತಿದ ಕೇಬಲ್ ಬಳಸುವುದಾದರೆ ಕೊನೆಯ ಸುತ್ತಿನವರೆಗೂ ಬಿಚ್ಚಿ. ಬೇಕಾದ್ದು ಹತ್ತೇ ಮೀಟರ್ ಆದರೂ ಸರಿ. ಸುತ್ತಿದ ಕೇಬಲ್‌ಗೆ ಬಿಸಿ ಹೊರಬಿಡಲು ದಾರಿಯಿಲ್ಲ. ಅರ್ಧ ಬಿಚ್ಚಿದ ಡ್ರಮ್ಮೊಂದನ್ನು ಬೆಳಿಗ್ಗೆ ಎತ್ತಿದಾಗ ಒಳಗಿನ ಸುತ್ತುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡು ಒಂದೇ ಉಂಡೆಯಾಗಿದ್ದವು, ಹೊರಗಿನ ಸುತ್ತು ಮಾತ್ರ ಹೊಸದರಂತೆಯೇ ಇತ್ತು.

ಜನ ಓಡಾಡುವ ದಾರಿಯಲ್ಲಿ ಕೇಬಲ್ ಎತ್ತರಕ್ಕೆ ಕಟ್ಟಿ, ಇಲ್ಲವೇ ರ‍್ಯಾಂಪ್ ಕೆಳಗೆ ಹಾಯಿಸಿ. ಡೇರೆಯ ಗೂಟಗಳ ಸಾಲಿನಿಂದ ದೂರವಿಡಿ, ಕತ್ತಲಲ್ಲಿ ಸುತ್ತಿಗೆ ಬೀಸುವವರಿಗೆ ವೈರ್ ಕಾಣುವುದಿಲ್ಲ. ಪ್ಲಗ್ಗು, ಸಾಕೆಟ್ಟು ನೀರಿನ ಸಿಡಿತ ತಡೆಯುವ ಐಪಿ44 ದರ್ಜೆಯದು ಅಥವಾ ಅದಕ್ಕೂ ಮೇಲಿನದಾಗಿರಲಿ, ನೆಲ ಮುಟ್ಟದಿರಲಿ. ಟೇಪು ಸುತ್ತಿದ ಜೋಡಣೆ ಬಯಲಿನಲ್ಲಿ ನಡೆಯುವುದಿಲ್ಲ.

ಶಿಬಿರದ ಜಾಗದಲ್ಲಿ ಕಟ್ಟಡವಿದ್ದು, ಅದರ ವೈರಿಂಗ್‌ಗೂ ಕರೆಂಟ್ ಕೊಡಬೇಕಾಗಿದ್ದರೆ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದರೆ ಕರೆಂಟ್ ಹಿಂದಕ್ಕೆ ಹರಿದು, ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯಬಹುದು.

ಶುರು ಮಾಡುವುದು, ನಿಲ್ಲಿಸುವುದು

ಆಯಿಲ್, ಇಂಧನ ನೋಡಿ. ಎಲ್ಲ ಎಂಸಿಬಿ ಆಫ್ ಇರಲಿ. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಖಾಲಿ ಓಡಲು ಬಿಡಿ. ದೊಡ್ಡ ಮೋಟರ್ ಮೊದಲು, ಅದು ಹದಕ್ಕೆ ಬಂದ ಮೇಲೆ ಉಳಿದವು ಒಂದೊಂದಾಗಿ. ನಿಲ್ಲಿಸುವಾಗ ಇದೇ ಕ್ರಮ ಹಿಂದುಮುಂದಾಗಿ, ಕೊನೆಗೆ ಮತ್ತೆ ಎರಡು ನಿಮಿಷ ಖಾಲಿ ಓಟ.

ಪೆಟ್ರೋಲ್ ತುಂಬುವ ಹೊತ್ತು

ಚಿಕ್ಕ ಪೆಟ್ರೋಲ್ ಜನರೇಟರ್ ಒಂದು ಯೂನಿಟ್‌ಗೆ ಅರ್ಧ ಲೀಟರ್ ಆಸುಪಾಸು ಕುಡಿಯುತ್ತದೆ. ಮೇಲಿನ ಶಿಬಿರ ಸಂಜೆಯಿಂದ ಆರು ತಾಸು ತನ್ನ 1,520 ವ್ಯಾಟ್‌ನ ಪೂರ್ತಿ ಲೋಡ್‌ನಲ್ಲಿ ಓಡಿಸಿದರೆ ಒಂಬತ್ತು ಯೂನಿಟ್, ಅಂದರೆ ಐದು ಲೀಟರ್ ಕೈಯಲ್ಲಿರಲಿ. ಬಹಳಷ್ಟು ಬೆಂಕಿ ಹತ್ತುವುದು ‘ಲೈಟ್ ಹೋಗಬಾರದು’ ಎಂದು ಓಡುತ್ತಿರುವಾಗಲೇ ತುಂಬಿಸುವುದರಿಂದ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗಿಳಿದು ನೆಲದುದ್ದಕ್ಕೂ ಹರಿದು ಬಿಸಿ ಸೈಲೆನ್ಸರ್ ಮುಟ್ಟುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವವದು. ನಿಲ್ಲಿಸಿ, ಹದಿನೈದು ನಿಮಿಷ ಆರಲು ಬಿಟ್ಟು, ಫನೆಲ್ ಇಟ್ಟು, ಕಂಠದವರೆಗೆ ತುಂಬಿಸದೆ ಬಿಡಿ. ಕ್ಯಾನ್‌ಗಳು ನೆರಳಿನಲ್ಲಿ, ಜನರೇಟರ್‌ನಿಂದಲೂ ಡೇರೆಗಳಿಂದಲೂ ದೂರ. ಡ್ರೈ ಪೌಡರ್ ನಂದಕ ಜನರೇಟರ್‌ಗೆ ಅಂಟಿಕೊಂಡಂತೆ ಇಡಬೇಡಿ, ನಾಲ್ಕೈದು ಮೀಟರ್ ಆಚೆ ಇಡಿ. ಬೆಂಕಿ ಹೊತ್ತಿದ ಮೇಲೆ ಅದರೊಳಗೆ ಕೈ ಹಾಕಿ ತೆಗೆದುಕೊಳ್ಳಲಾಗುವುದಿಲ್ಲ.

ರಾತ್ರಿ

ಜನ ಮಲಗುವ ಹೊತ್ತಿಗೆ ಜನರೇಟರ್ ನಿಲ್ಲಬೇಕು ಎಂಬುದು ನನ್ನ ಹಟ. ರಾತ್ರಿಗೆ ಬೇಕಾಗುವುದು ದಾರಿ ದೀಪ, ಶೌಚಾಲಯದ ದೀಪ, ಇಷ್ಟೇ. ಒಂದು ಯೂನಿಟ್ ಹಿಡಿಯುವ ಬ್ಯಾಟರಿ ಪೆಟ್ಟಿಗೆ 100 ವ್ಯಾಟ್‌ನ ಎಲ್‌ಇಡಿ ದೀಪಗಳನ್ನು ಎಂಟು ಗಂಟೆ ಉರಿಸುತ್ತದೆ. ಸಂಜೆ ಜನರೇಟರ್ ಓಡುವಾಗಲೇ ಅದನ್ನು ಚಾರ್ಜ್ ಮಾಡಿಟ್ಟುಕೊಳ್ಳಿ. ಫ್ರಿಜ್‌ನ ಬಾಗಿಲು ಮುಚ್ಚಿಟ್ಟರೆ ನಾಲ್ಕು ಗಂಟೆ ತಂಪಿಗೆ ತೊಂದರೆಯಿಲ್ಲ. ಅದಕ್ಕೂ ಹೆಚ್ಚು ಬೇಕಾದರೆ, ಇಲ್ಲವೇ ಔಷಧಿಯಂಥದ್ದು ಇದ್ದು ಜನರೇಟರ್ ಓಡಲೇಬೇಕಾದರೆ, ಸರದಿಯ ಮೇಲೆ ಒಬ್ಬರು ಎಚ್ಚರವಿರಲಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಕತ್ತಲಲ್ಲೂ ತೋರಿಸಬಲ್ಲವರು. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಅದನ್ನು ಆಫ್ ಮಾಡುವವರು ಅವರೇ.

ಕಟ್ಟಿಕೊಂಡು ಹೊರಡುವಾಗ

ಕೇಬಲ್ ಸುತ್ತುವಾಗ ಒಂದು ಒಣಬಟ್ಟೆ ಕೈಯಲ್ಲಿ ಹಿಡಿದು ಅದರೊಳಗಿಂದ ಎಳೆಯಿರಿ. ಮಣ್ಣು ಹೋಗುತ್ತದೆ, ಸಣ್ಣ ಸೀಳಿದ್ದರೆ ಬೆರಳಿಗೆ ಸಿಗುತ್ತದೆ. ಸಿಕ್ಕ ಕಡೆ ಕೆಂಪು ಟೇಪು ಸುತ್ತಿ, ಮುಂದಿನ ಸಲಕ್ಕೆ ಅದು ರಿಪೇರಿ ಆಗುವವರೆಗೆ ಹೊರಡದ ಕೇಬಲ್ ಎಂಬ ಗುರುತಿಗೆ. ತಿಂಗಳುಗಟ್ಟಲೆ ಜನರೇಟರ್ ಬಳಸುವುದಿಲ್ಲವಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ, ಹಳಸಿದ ಪೆಟ್ರೋಲ್ ಅದರ ಜೆಟ್ (ಇಂಧನ ಹಾಯುವ ಸಣ್ಣ ತೂತು) ಕಟ್ಟಿಸುತ್ತದೆ. ಹೊಸ ಯಂತ್ರವಾದರೆ ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ಎರಡು ಮೂರು ಶಿಬಿರವಾದರೆ ಎಷ್ಟು ಗಂಟೆ ಓಡಿತೆಂದು ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಟ್ಯಾಂಕಿನ ಪಕ್ಕ ಬಿಳಿ ಟೇಪಿನ ಮೇಲೆ ಮಾರ್ಕರ್‌ನಲ್ಲಿ ಇಂದಿನ ದಿನಾಂಕ, ಓಡಿದ ಗಂಟೆ ಬರೆದು ಗಾಡಿಗೆ ಏರಿಸಿ.