ಗಟ್ಟಿಯೂ ಚೆಂದವೂ ಆದ ಮಡಿಚಾಕು: ನಾನು ಆರಿಸಿಕೊಂಡ ರೀತಿ

ದಿನವೂ ಕಿಸೆಯಲ್ಲಿಟ್ಟುಕೊಳ್ಳಲು ಒಂದು ಮಡಿಚಾಕು ಆರಿಸುವ ಮೊದಲು ಕೆಲವು ವಾರ ನಾನು ಪಟ್ಟಿ ಬರೆದಿಟ್ಟೆ. ಏನನ್ನು ಕತ್ತರಿಸಬೇಕಾಯಿತು, ಅಲಗಿನ ಯಾವ ಭಾಗ ಕೆಲಸಕ್ಕೆ ಬಂತು, ಆಗ ಇನ್ನೊಂದು ಕೈ ಖಾಲಿ ಇತ್ತೇ ಎಂಬಷ್ಟೇ ಟಿಪ್ಪಣಿ. ಪಾರ್ಸೆಲ್ ಪೆಟ್ಟಿಗೆಯ ಟೇಪು, ರಟ್ಟು, ನೈಲಾನ್ ಹಗ್ಗ, ಕೇಬಲ್ ಟೈ, ಹಣ್ಣು, ಪೆನ್ಸಿಲ್, ಅಂಗಿಯಿಂದ ಹೊರಬಂದ ದಾರ ಎಲ್ಲವೂ ಅದರಲ್ಲಿದ್ದವು. ಮರ ಸೀಳುವ ಕೆಲಸ ಒಮ್ಮೆಯೂ ಬರಲಿಲ್ಲ. ಡಬ್ಬಿಯ ಮುಚ್ಚಳ ಮೀಟುವ ಕೆಲಸ ಆಗಾಗ ಬಂತು. ಅದಕ್ಕೆ ಸ್ಕ್ರೂಡ್ರೈವರ್ ಇದೆ, ಚಾಕುವಿನ ಮೊನೆಯನ್ನು ಅದಕ್ಕೆ ಒಡ್ಡಬಾರದು. ಹೆಚ್ಚಿನ ಕೆಲಸ ಅಲಗಿನ ಮುಂಭಾಗದ 3 ಸೆಂಟಿಮೀಟರಿನಲ್ಲೇ ಮುಗಿಯುತ್ತಿತ್ತು, ಹಣ್ಣು ಹೆಚ್ಚುವಾಗ ಮಾತ್ರ ಉದ್ದ ಬೇಕಾಗುತ್ತಿತ್ತು.

ಹೀಗೆ ಅಳತೆ ತಾನಾಗಿ ಸಿಕ್ಕಿತು. ಅಲಗು 7ರಿಂದ 8.5 ಸೆಂಟಿಮೀಟರ್, ತೂಕ 100 ಗ್ರಾಮಿನೊಳಗೆ. ಅದಕ್ಕಿಂತ ಭಾರವಾದರೆ ತೆಳು ಬಟ್ಟೆಯ ಕಿಸೆ ಜೋಲುತ್ತದೆ, ಕುಳಿತಾಗ ತೊಡೆಗೆ ಒತ್ತುತ್ತದೆ, ಕ್ರಮೇಣ ಚಾಕು ಮನೆಯ ಮೇಜಿನ ಮೇಲೇ ಉಳಿಯುತ್ತದೆ. ಜೊತೆಯಲ್ಲಿ ಇಲ್ಲದ ಚಾಕುವಿನ ಗಟ್ಟಿತನದಿಂದ ಯಾರಿಗೂ ಉಪಯೋಗವಿಲ್ಲ.

ಗಟ್ಟಿತನದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೋಡಲು ಬಲಶಾಲಿಯಾಗಿ ಕಾಣುವ ಚಾಕುಗಳಲ್ಲಿ ಬಹಳಷ್ಟು ಕತ್ತರಿಸುವುದಕ್ಕೇ ಸರಿಯಿಲ್ಲ. 4 ಮಿಲಿಮೀಟರ್ ದಪ್ಪದ ಅಲಗು, ಕಪ್ಪು ಲೇಪನ, ಅಲ್ಲಲ್ಲಿ ಕೊರೆದ ಹಲ್ಲುಗಳು ಕಣ್ಣಿಗೆ ಭರವಸೆ ಕೊಡುತ್ತವೆ. ದಪ್ಪ ರಟ್ಟಿನೊಳಗೆ ಇಳಿಸಿದಾಗ ಮಾತ್ರ ಅದು ಬೆಣೆಯಂತೆ ಸಿಕ್ಕಿಕೊಂಡು ಅರ್ಧದಲ್ಲೇ ನಿಲ್ಲುತ್ತದೆ. ಸೇಬನ್ನು ಹೆಚ್ಚಲು ಹೋದರೆ ಅದು ಕತ್ತರಿಸುವ ಮೊದಲೇ ಸೀಳುತ್ತದೆ. ಕೈ ಹೆಚ್ಚು ಒತ್ತಡ ಹಾಕುತ್ತದೆ, ಒತ್ತಡ ಹೆಚ್ಚಿದಷ್ಟೂ ಜಾರುವ ಅಪಾಯ ಹೆಚ್ಚು. ಹಾಗಾಗಿ ನಾನು ಮೊದಲು ನೋಡುವುದು ಹರಿತವಾದ ಬಾಯಿಯ ತುಸು ಮೇಲೆ ಲೋಹ ಎಷ್ಟು ತೆಳುವಾಗಿದೆ ಎಂಬುದನ್ನು. ಅಲ್ಲಿ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಿದ್ದರೆ ಚಾಕು ಸಲೀಸಾಗಿ ಓಡುತ್ತದೆ. ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್ ಇದ್ದರೆ ಸಾಕು. ಬೆನ್ನಿನಿಂದ ಬಾಯಿಯವರೆಗೆ ಸಮನಾಗಿ ಇಳಿಯುತ್ತ ಬರುವ ಚಪ್ಪಟೆ ಇಳಿಜಾರು ನನಗೆ ಇಷ್ಟ. ಅರ್ಧದಿಂದ ಶುರುವಾಗುವ ಇಳಿಜಾರಿನಲ್ಲಿ ಲೋಹ ಅನಗತ್ಯವಾಗಿ ಉಳಿದುಕೊಳ್ಳುತ್ತದೆ. ಫ್ರಾನ್ಸಿನ ಸವೋಯ್ ಪ್ರದೇಶದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕುವಿನ 8ನೇ ಸಂಖ್ಯೆಯ ಮಾದರಿಯನ್ನು ಒಮ್ಮೆ ಬಳಸಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 8.5 ಸೆಂಟಿಮೀಟರ್ ಉದ್ದದ ಆ ಅಲಗಿನ ದಪ್ಪ 2 ಮಿಲಿಮೀಟರಿಗೂ ಕಡಿಮೆ. ಮರದ ಹಿಡಿ, ತಿರುಗಿಸಿ ಬಿಗಿಯುವ ಒಂದು ಉಂಗುರ, ಅಷ್ಟೇ. ತಲೆಮಾರುಗಳಿಂದ ಜನ ಅದನ್ನು ದಿನವೂ ಬಳಸುತ್ತಿದ್ದಾರೆ.

ಮಡಿಚಾಕುವಿನ ಬಲ ಪರೀಕ್ಷೆಗೆ ಒಳಗಾಗುವುದು ಕೀಲು ಮತ್ತು ಲಾಕಿನಲ್ಲಿ. ಅಲಗು ಎಷ್ಟೇ ಒಳ್ಳೆಯದಿರಲಿ, ಅದು ಬೆರಳಿನ ಮೇಲೆ ಮಡಚಿಕೊಂಡರೆ ಎಲ್ಲವೂ ವ್ಯರ್ಥ. ಆದ್ದರಿಂದ ಆರಿಸುವಾಗ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ.

ನಾನು ಎಡಗೈ ಬಳಸುವವನು. ಬಲಗೈಯವರು ಗಮನಿಸದ ಹಲವು ಸಂಗತಿಗಳು ಇದರಿಂದ ನನಗೆ ಬೇಗ ತಿಳಿದವು. ಇಂದು ಬಹುತೇಕ ಕಡೆ ಕಾಣುವುದು ಲೈನರ್ ಲಾಕ್. ಹಿಡಿಯೊಳಗಿನ ಲೋಹದ ಪಟ್ಟಿಯೊಂದು ಸ್ಪ್ರಿಂಗಿನಂತೆ ಬಾಗಿ, ಬಿಚ್ಚಿದ ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ಇದನ್ನು ಇಂದಿನ ರೂಪಕ್ಕೆ ತಂದರು. ಸರಳ, ಹಗುರ, ತೆಳುವಾದ ಹಿಡಿಗೆ ಹೇಳಿ ಮಾಡಿಸಿದಂಥದ್ದು. ಆ ಪಟ್ಟಿಯನ್ನು ಬಲಗೈಯ ಹೆಬ್ಬೆರಳು ಸುಲಭವಾಗಿ ತಳ್ಳುತ್ತದೆ; ಎಡಗೈಯಲ್ಲಿ ಹಿಡಿದಾಗ ತೋರುಬೆರಳಿನ ತುದಿಯಿಂದ ಎಳೆಯಬೇಕು, ಅಷ್ಟರಲ್ಲಿ ಬೆರಳು ಅಲಗಿನ ದಾರಿಗೆ ಅಡ್ಡ ಬರುತ್ತದೆ. ಬಲಗೈಯವರು ಇದನ್ನು ಕೊಳ್ಳುವುದಾದರೆ ಒಂದು ವಿಷಯ ನೋಡಬೇಕು. ಪಟ್ಟಿ ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಂತಿರಬೇಕು. ಅಂಚಿನಲ್ಲಷ್ಟೇ ತಾಗಿದ್ದರೆ ಜಾರಬಹುದು. ಹೊಸದರಲ್ಲೇ ಆಚೆ ಬದಿಗೆ ತಲುಪಿದ್ದರೆ ಸವೆಯಲು ಜಾಗವೇ ಉಳಿದಿಲ್ಲ ಎಂದರ್ಥ.

ಹಿಡಿಗೆ ಅಡ್ಡಲಾಗಿರುವ ಸಣ್ಣ ಕಂಬಿಯೊಂದು ಅಲಗಿನ ಬುಡವನ್ನು ತಡೆದು ನಿಲ್ಲಿಸುವ ಅಡ್ಡಕಂಬಿಯ ಲಾಕ್ ಎರಡೂ ಕೈಗೆ ಒಗ್ಗುತ್ತದೆ. ಎರಡು ಬದಿಯ ಗುಂಡಿಗಳನ್ನು ಹಿಂದಕ್ಕೆ ಎಳೆದರೆ ಅಲಗು ಸಡಿಲವಾಗುತ್ತದೆ, ಬೆರಳು ಎಲ್ಲಿಯೂ ಅಡ್ಡ ಬರುವುದಿಲ್ಲ. ಆದರೆ ಅದು ಕೂದಲೆಳೆಯಂಥ ಸಣ್ಣ ಸ್ಪ್ರಿಂಗುಗಳನ್ನು ನಂಬಿಕೊಂಡಿದೆ, ವರ್ಷಗಳ ಬಳಕೆಯಲ್ಲಿ ಅವು ಮುರಿಯಬಹುದು. ನಾನು ಕೊನೆಗೆ ಒಪ್ಪಿದ್ದು ಬೆನ್ನಿನ ಲಾಕನ್ನು. 1964ರಲ್ಲಿ ಮಾರುಕಟ್ಟೆಗೆ ಬಂದ ಬಕ್ 110 ಎಂಬ ಬೇಟೆಯ ಮಡಿಚಾಕು ಈ ಬಗೆಯನ್ನು ಜನಪ್ರಿಯಗೊಳಿಸಿತು. ಹಿಡಿಯ ಬೆನ್ನಿನುದ್ದಕ್ಕೆ ಇರುವ ಸನ್ನೆಕೋಲೊಂದು ಅಲಗಿನ ಬುಡದ ಕಚ್ಚಿನೊಳಗೆ ಕೂರುತ್ತದೆ, ಹಿಂಬದಿಯಲ್ಲಿ ಒತ್ತಿದರೆ ಬಿಡುತ್ತದೆ. ಎಡ, ಬಲ ಎಂಬ ಭೇದ ಇದಕ್ಕಿಲ್ಲ. ಕಿಸೆಯ ನೂಲು ಮತ್ತು ಧೂಳು ಆ ಕಚ್ಚಿನಲ್ಲಿ ಸೇರಿಕೊಂಡರೆ ಲಾಕ್ ಪೂರ್ತಿ ಕೂರುವುದಿಲ್ಲ, ಆದ್ದರಿಂದ ಹಲ್ಲುಕಡ್ಡಿಯಿಂದ ಆಗಾಗ ತೆಗೆಯುತ್ತೇನೆ. ಆ ಶ್ರಮ ನನಗೆ ಒಪ್ಪಿಗೆ.

ಕೈಯಲ್ಲಿ ಹಿಡಿದು ಪರೀಕ್ಷಿಸುವಾಗ ಚಾಕುವನ್ನು ನಿಧಾನವಾಗಿ ಬಿಚ್ಚುತ್ತೇನೆ. ರಭಸದಿಂದ ಬಿಚ್ಚಿದರೆ ದೋಷಗಳು ಮುಚ್ಚಿಹೋಗುತ್ತವೆ. ಅರ್ಧ ದಾರಿಯಲ್ಲಿ ಕರಕರ ಎನ್ನುತ್ತದೆಯೇ, ಕೊನೆಯಲ್ಲಿ ಒಂದೇ ಸ್ಪಷ್ಟ ಸದ್ದಿನೊಂದಿಗೆ ಕೂರುತ್ತದೆಯೇ ಎಂದು ಕೇಳಿಸಿಕೊಳ್ಳುತ್ತೇನೆ. ಬಿಚ್ಚಿದ ಅಲಗಿನ ಬೆನ್ನನ್ನು ಹಿಡಿದು ಎಡಬಲಕ್ಕೂ ಮೇಲೆ ಕೆಳಗೂ ಮೆಲ್ಲನೆ ಅಲ್ಲಾಡಿಸುತ್ತೇನೆ. ಪಕ್ಕಕ್ಕೆ ಅಲ್ಲಾಡಿದರೆ ಕೀಲಿನ ಸ್ಕ್ರೂ ಬಿಗಿದರೆ ಸರಿಹೋಗಬಹುದು. ಮೇಲೆ ಕೆಳಗೆ ಅಲ್ಲಾಡಿದರೆ ಲಾಕ್ ಸರಿಯಾಗಿ ಹೊಂದಿಲ್ಲ, ಅದನ್ನು ಸ್ಕ್ರೂ ಸರಿಪಡಿಸುವುದಿಲ್ಲ. ಬೆನ್ನಿನ ಲಾಕಿನಲ್ಲಿ ಕಂಡೂ ಕಾಣದಷ್ಟು ಮಿಸುಕಾಟ ಸಾಮಾನ್ಯ, ಅದರಿಂದ ತೊಂದರೆಯಿಲ್ಲ. ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರವಿಟ್ಟು ಬೆನ್ನಿನ ಮೇಲೆ ಅಂಗೈಯಿಂದ ಒತ್ತುತ್ತೇನೆ. ಮೇಜಿಗೆ ಬಡಿದು ನೋಡುವ ಅಭ್ಯಾಸ ಕೆಲವರಿಗಿದೆ, ಅದು ಒಳ್ಳೆಯ ಲಾಕನ್ನೂ ಹಾಳು ಮಾಡುತ್ತದೆ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಇರಬೇಕು, ಒಂದು ಬದಿಗೆ ಉಜ್ಜಬಾರದು.

ಕೀಲಿನೊಳಗೆ ಕಂಚಿನ ವಾಷರ್ ಇದ್ದರೆ ನನಗೆ ಸಮಾಧಾನ. ಬಾಲ್ ಬೇರಿಂಗಿನ ಚಾಕು ಗಾಳಿಯಂತೆ ಬಿಚ್ಚಿಕೊಳ್ಳುತ್ತದೆ ನಿಜ, ಮರಳು ಮತ್ತು ಧೂಳು ಒಳಸೇರಿದಾಗ ಮಾತ್ರ ವಾಷರ್ ಹೆಚ್ಚು ತಾಳಿಕೊಳ್ಳುತ್ತದೆ.

ಉಕ್ಕಿನ ಬಗ್ಗೆ ಜನ ಗಂಟೆಗಟ್ಟಲೆ ವಾದಿಸುತ್ತಾರೆ. ನನ್ನ ಅಗತ್ಯ ಸರಳವಾಗಿತ್ತು: ಬೆವರಿಗೂ ಹಣ್ಣಿನ ರಸಕ್ಕೂ ತುಕ್ಕು ಹಿಡಿಯಬಾರದು, ಸಾಮಾನ್ಯ ಕಲ್ಲಿನಲ್ಲಿ ಮಸೆಯಲು ಬರಬೇಕು. 14ಸಿ28ಎನ್ ಎಂಬ ಸ್ವೀಡನ್ ಮೂಲದ ಉಕ್ಕು ಎರಡನ್ನೂ ಪೂರೈಸಿತು. ಅದರಲ್ಲಿ ಶೇಕಡಾ 14ರಷ್ಟು ಕ್ರೋಮಿಯಂ ಇದೆ, ಇಂಗಾಲ ಶೇಕಡಾ 0.62, ಜೊತೆಗೆ ಚೂರು ಸಾರಜನಕ. ಡಿ2 ಎಂಬ ಉಕ್ಕಿನಲ್ಲೂ ಶೇಕಡಾ 12ರಷ್ಟು ಕ್ರೋಮಿಯಂ ಇರುತ್ತದೆ, ಆದರೆ ಇಂಗಾಲ ಶೇಕಡಾ 1.5ರಷ್ಟಿರುವುದರಿಂದ ಬಹಳಷ್ಟು ಕ್ರೋಮಿಯಂ ಅದರೊಂದಿಗೆ ಬೆರೆತು ಗಟ್ಟಿ ಕಣಗಳಾಗಿಬಿಡುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಹರಿತ ಹೆಚ್ಚು ದಿನ ನಿಲ್ಲುತ್ತದೆ, ಒದ್ದೆಯಾಗಿ ಬಿಟ್ಟರೆ ಚುಕ್ಕೆ ಬೀಳುತ್ತದೆ. 2021ರಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಉಕ್ಕು ಹರಿತ ನಿಲ್ಲುವ, ತುಕ್ಕು ತಡೆಯುವ ಎರಡು ಗುಣಗಳನ್ನೂ ಬಹಳ ಚೆನ್ನಾಗಿ ಕೂಡಿಸುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಹೆಸರಿಗಿಂತ ಹದ ಮುಖ್ಯ. ಸರಿಯಾಗಿ ಕಾಯಿಸಿ ತಣಿಸಿದ ಸಾಧಾರಣ ಉಕ್ಕು, ಹದಗೆಟ್ಟ ದುಬಾರಿ ಉಕ್ಕಿಗಿಂತ ಎಷ್ಟೋ ಮೇಲು. ತಯಾರಕರು ರಾಕ್‌ವೆಲ್ ಮಾಪಕದ ಗಡಸುತನವನ್ನು 58ರಿಂದ 61ರ ನಡುವೆ ಎಲ್ಲಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರೆ ನನಗೆ ನಂಬಿಕೆ ಬರುತ್ತದೆ.

ಇನ್ನು ಚೆಂದ. ನನ್ನ ಮಟ್ಟಿಗೆ ಮಡಿಚಾಕುವಿನ ಚೆಂದ ಇರುವುದು ಭಾಗಗಳು ಕೂಡುವ ಜಾಗದಲ್ಲಿ, ಗಟ್ಟಿತನವೂ ಅಲ್ಲಿಯೇ ಇದೆ. ಹಿಡಿಯ ಪಟ್ಟಿ ಲೋಹದೊಂದಿಗೆ ಸೇರುವಲ್ಲಿ ಉಗುರು ಓಡಿಸಿದರೆ ತಡೆಯಬಾರದು. ಅಲಗಿನ ಎರಡು ಬದಿಯ ಇಳಿಜಾರು ಒಂದೇ ಎತ್ತರದಲ್ಲಿ ಶುರುವಾಗಿರಬೇಕು. ಬೆನ್ನಿನ ಮೂಲೆಗಳನ್ನು ನಯವಾಗಿ ಉಜ್ಜಿರಬೇಕು. ಕಣ್ಣಿಗೆ ಬೀಳದ ಒಳಬದಿಯಲ್ಲಿ ಸ್ಕ್ರೂ ತಲೆಗಳು ಸರಿಯಾಗಿ ಕೂತಿವೆಯೇ ಎಂದು ದೀಪದ ಬೆಳಕಿಗೆ ಹಿಡಿದು ನೋಡುತ್ತೇನೆ. ಇಷ್ಟು ಶ್ರದ್ಧೆ ವಹಿಸಿದವರು ಲಾಕನ್ನು ಅಸಡ್ಡೆಯಿಂದ ಕೂರಿಸಿರುವುದು ಅಪರೂಪ.

ಹಿಡಿಗೆ ನಾನು ಬಟ್ಟೆಯನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡುವ ಮೈಕಾರ್ಟಾ ಆರಿಸಿದೆ. ಹೊಸದರಲ್ಲಿ ಅದು ಮಂಕಾಗಿ ಕಾಣುತ್ತದೆ. ಕೈಯ ಎಣ್ಣೆ ಹೀರಿಕೊಳ್ಳುತ್ತ ಬಣ್ಣ ಗಾಢವಾಗುತ್ತದೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಗಾಜಿನ ನಾರಿನ ಜಿ10 ಇನ್ನೂ ಗಟ್ಟಿ, ಆದರೆ ಒರಟಾಗಿದ್ದರೆ ಕಿಸೆಯ ಅಂಚನ್ನು ಸವೆಸುತ್ತದೆ. ಟೈಟಾನಿಯಂ ಸುಂದರ, ಚಳಿಯಲ್ಲಿ ತಣ್ಣಗೆ ಕೊರೆಯುತ್ತದೆ. ಮರದ ಹಿಡಿಯ ಮೇಲೆ ನನಗೆ ಇಂದಿಗೂ ಆಸೆಯಿದೆ. ಬೆರಳಿಗೆಂದು ಆಳವಾದ ತಗ್ಗುಗಳನ್ನು ಕೊರೆದ ಹಿಡಿಯನ್ನು ಮಾತ್ರ ನಾನು ಎಂದೂ ಕೊಳ್ಳುವುದಿಲ್ಲ, ಅದು ಒಂದೇ ಅಳತೆಯ ಕೈಗೆ ಒಂದೇ ಹಿಡಿತವನ್ನು ಹೇರುತ್ತದೆ. ಅಲಗಿನಲ್ಲಿ ಹೆಬ್ಬೆರಳಿಗೆ ದುಂಡನೆಯ ರಂಧ್ರ ಇರುವುದು ನನಗೆ ಅನುಕೂಲ; 1981ರಲ್ಲಿ ಅಮೆರಿಕದ ಚಾಕು ತಯಾರಕ ಸ್ಪೈಡರ್ಕೊ ತಂದ ಈ ರಂಧ್ರ ಎರಡೂ ಕೈಗೆ ಸಮನಾಗಿ ಸಿಗುತ್ತದೆ. ಕಿಸೆಯ ಕ್ಲಿಪ್ಪನ್ನು ಎಡಬದಿಗೆ ಬದಲಿಸಲು ಸ್ಕ್ರೂ ರಂಧ್ರಗಳಿವೆಯೇ ಎಂದು ಎಡಗೈಯವರು ಮೊದಲೇ ನೋಡಿಕೊಳ್ಳಬೇಕು.

ಎಲ್ಲರ ನಡುವೆ ಚಾಕು ತೆಗೆಯುವಾಗ ನೋಡುವವರ ಮನಸ್ಸೂ ಮುಖ್ಯ. ಸೌಮ್ಯ ಬಣ್ಣದ, ಮೊನೆ ತುಸು ಕೆಳಗಿಳಿದ ಅಲಗನ್ನು ಎರಡು ಕೈಯಿಂದ ನಿಧಾನವಾಗಿ ಬಿಚ್ಚಿದರೆ ಯಾರೂ ಬೆಚ್ಚುವುದಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಕಾರಣ ಕೊಡದೆ ಒಯ್ಯಬಹುದಾದದ್ದು ಲಾಕ್ ಇಲ್ಲದ, ಬಾಯಿ 3 ಇಂಚು ಮೀರದ ಮಡಿಚಾಕು ಮಾತ್ರ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುವನ್ನು ಸೂಕ್ತ ಕಾರಣವಿಲ್ಲದೆ ಒಯ್ಯುವಂತಿಲ್ಲ. ಅದಕ್ಕಾಗಿ ಪ್ರಯಾಣಕ್ಕೆಂದೇ ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಸಣ್ಣ ಚಾಕು ಬೇರೆ ಇಟ್ಟಿದ್ದೇನೆ, ಹೋಗುವ ಜಾಗದ ನಿಯಮ ಓದಿಯೇ ಅದನ್ನೂ ತೆಗೆದುಕೊಳ್ಳುತ್ತೇನೆ. ವಿಮಾನದಲ್ಲಾದರೆ ಅದು ಸರಕಿಗೆ ಹಾಕುವ ಚೀಲದೊಳಗೆ ಹೋಗುತ್ತದೆ.

ಹೊಸ ಚಾಕು ಬೇಗ ಮೊಂಡಾದರೆ ತಕ್ಷಣ ಉಕ್ಕನ್ನು ದೂರಬೇಡಿ. ಕಾರ್ಖಾನೆಯಲ್ಲಿ ಯಂತ್ರದಿಂದ ಮಸೆಯುವಾಗಿನ ಬಿಸಿಗೆ ಬಾಯಿಯ ತುತ್ತತುದಿ ಮೆತ್ತಗಾಗಿರುವುದುಂಟು. ನೀರು ಹಾಕಿ ಮಸೆಯುವ 1000 ಸಂಖ್ಯೆಯ ನೀರುಗಲ್ಲಿನಲ್ಲಿ, ಒಂದೊಂದು ಬದಿಗೆ 17ರಿಂದ 20 ಡಿಗ್ರಿ ಕೋನದಲ್ಲಿ ಎರಡು ಮೂರು ಸಲ ಮಸೆದು, ಚರ್ಮದ ಪಟ್ಟಿಯ ಮೇಲೆ ಎಳೆದ ನಂತರ ಒಳಗಿನ ಒಳ್ಳೆಯ ಲೋಹ ಹೊರಬರುತ್ತದೆ. ನನ್ನ ಚಾಕು ತನ್ನ ನಿಜವಾದ ಹರಿತವನ್ನು ತೋರಿಸಿದ್ದು ಆ ಮೇಲೆಯೇ.