ತೊಟ್ಟಿ ಮನೆಯನ್ನು ಪುಸ್ತಕ ಮಾಡುವುದು ಹೇಗೆ?

ಹಳೆಯ ತೊಟ್ಟಿ ಮನೆಯನ್ನು ಕೆಡವುವ ಮೊದಲು ಎಲ್ಲರೂ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ. ಆದರೆ ಬಿಸಿಲಿನ ಜಗುಲಿಯಿಂದ ಕತ್ತಲೆಯ ಪಡಸಾಲೆಗೆ ಬಂದು, ಮತ್ತೆ ತೊಟ್ಟಿಯ ಬೆಳಕಿಗೆ ಕಾಲಿಡುತ್ತಿದ್ದೆವಲ್ಲ, ಅದು ಫೋಟೊದಲ್ಲಿ ಸಿಗುವುದಿಲ್ಲ. ಸುರಂಗ ಪುಸ್ತಕದಲ್ಲಿ ಸಿಗುತ್ತದೆ. ಇದರಲ್ಲಿ ಪುಟಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಎರಡೂ ಪಕ್ಕದಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಚಿದ ಕಾಗದ. ಎಳೆದರೆ ಮನೆ ತೆರೆದುಕೊಳ್ಳುತ್ತದೆ.

ಮೊದಲು ಟೇಪು ಹಿಡಿದು ಮನೆ ಅಳೆಯಿರಿ. ಒಂದು ಅಡಿಗೆ ಕಾಲು ಇಂಚು ಲೆಕ್ಕ. 32 ಅಡಿ ಅಗಲದ ಮನೆ 8 ಇಂಚಾಗುತ್ತದೆ, 6 ಅಡಿಯ ಬಾಗಿಲು ಒಂದೂವರೆ ಇಂಚು. ಹೆಬ್ಬಾಗಿಲು ತಗ್ಗಾಗಿದ್ದರೆ ತಗ್ಗಾಗಿಯೇ ಇರಲಿ. ಪುಸ್ತಕದ ಮುಂದೆಯೂ ತಲೆ ಬಗ್ಗಿಸಿಯೇ ಒಳಗೆ ನೋಡಬೇಕು.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಡ್ರಾಯಿಂಗ್ ಶೀಟಿನಲ್ಲಿ ಆರು ಪುಟ ಕತ್ತರಿಸಿ. ಎತ್ತರ 5 ಇಂಚು, ಅಗಲ ಎಂಟೂವರೆ. ಎರಡೂ ಕಡೆ ಕಾಲು ಇಂಚು ಅಂಟಿಗೆ ಬೇಕು. ಜಗುಲಿ, ಹೆಬ್ಬಾಗಿಲು, ತೊಟ್ಟಿಯ ಈಚೆ ಕಂಬಗಳು, ಆಚೆ ಕಂಬಗಳು, ನಡುಮನೆ, ಹಿತ್ತಲ ಬಾಗಿಲು. ನಡೆಯುವ ದಾರಿಯೇ ಪುಟಗಳ ಕ್ರಮ. ಅಂಚು ಬಿಟ್ಟು, ಕಣ್ಣು ಹಾಯುವ ಜಾಗವನ್ನೆಲ್ಲ ಕಟರ್‌ನಿಂದ ಕತ್ತರಿಸಿ ತೆಗೆಯಿರಿ.

ತೊಟ್ಟಿಗೆ ಪುಟ ಎಲ್ಲಿ ಅಂತ ಕೇಳಬಹುದು. ಮೊದಲ ಸಲ ನಾನೂ ಒಂದು ಪುಟ ಮಾಡಿ ನೀಲಿ ಬಣ್ಣ ಬಳಿದಿದ್ದೆ. ನೋಡಿದರೆ ಗೋಡೆಯಂತೆ ಕಾಣುತ್ತಿತ್ತು. ತೊಟ್ಟಿ ಅಂದರೆ ಆಕಾಶಕ್ಕೆ ಬಿಟ್ಟ ಜಾಗ. ಪುಸ್ತಕದಲ್ಲೂ ಅದನ್ನು ಖಾಲಿ ಬಿಡಬೇಕು.

ಪಕ್ಕದ ಪಟ್ಟಿಗಳಿಗೆ 150 ಜಿಎಸ್‌ಎಂ ಕಾಗದ ಸಾಕು. ಉದ್ದ 12 ಇಂಚು, ಎತ್ತರ 5. ಕಾಗದವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ದಿಕ್ಕಿಗೇ ಬರಬೇಕು. ಇಲ್ಲದಿದ್ದರೆ ಮಡಿಕೆ ಬಿರಿಯುತ್ತದೆ. ಇಂಚಿಗೊಂದರಂತೆ ಹಿಂದೆ ಮುಂದೆ ಮಡಚಿ. ಎರಡು ತುದಿಗಳೂ ಸೇರಿ ಪುಟಗಳ ಕಡೆಗೆ ಬರುವ ಒಳಗಿನ ಅಂಚುಗಳು ಏಳು ಸಿಗುತ್ತವೆ. ನಾಲ್ಕನೆಯದನ್ನು ಬಿಟ್ಟು ಉಳಿದ ಆರಕ್ಕೆ ಪುಟಗಳನ್ನು ಅಂಟಿಸಿ. ಆ ಬಿಟ್ಟ ಅಂಚೇ ತೊಟ್ಟಿ. ಫೆವಿಕಾಲ್ ತೆಳ್ಳಗಿರಲಿ, ಜಾಸ್ತಿಯಾದರೆ ಕಾಗದ ಸೊಟ್ಟಗಾಗುತ್ತದೆ.

ಮಾಡಿಗೆ, ಅಂದರೆ ಚಾವಣಿಗೆ, ಎರಡು ಇಂಚು ಅಗಲದ ಪಟ್ಟಿಗಳು. ಒಂದೊಂದು ಪಟ್ಟಿಯನ್ನೂ ಒಂದೇ ಪುಟದ ತಲೆಗೆ ಅಂಟಿಸಿ, ಪಕ್ಕದ ಪುಟದ ಮೇಲೆ ಸುಮ್ನೆ ಒರಗಿಸಿ. ಎರಡಕ್ಕೂ ಅಂಟಿಸಿದರೆ ಪುಸ್ತಕ ಮುಚ್ಚುವುದಿಲ್ಲ. ತೊಟ್ಟಿಯ ಮೇಲೆ ಮಾತ್ರ ಮಾಡು ಬೇಡ.

ಇನ್ನು ಮನೆಯ ಒಳಗಿನ ಚೆಲುವು. ಅದನ್ನು ಚಿತ್ರ ಬಿಡಿಸುವುದಕ್ಕಿಂತ ಮನೆಯಿಂದಲೇ ಎತ್ತಿಕೊಳ್ಳುವುದು ನನಗಿಷ್ಟ. ಬಾಗಿಲ ಕೆತ್ತನೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಹೂವು ಬಳ್ಳಿ ತಾವೇ ಮೂಡುತ್ತವೆ. ಅದನ್ನು ಎರಡನೇ ಪುಟಕ್ಕೆ ಅಂಟಿಸಿ. ಮಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹಳೆಯ ಹೆಂಚುಗಳಲ್ಲಿ ಹಲವಕ್ಕೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿರುತ್ತದೆ. ನಿಮ್ಮ ಮನೆಯದರಲ್ಲೂ ಇದ್ದರೆ ಮಾಡಿನ ಪಟ್ಟಿಗೆ ಅದನ್ನೇ ಉಜ್ಜಿಕೊಳ್ಳಿ. ಗೋಡೆಯ ಬುಡಕ್ಕೆ ಕೆಮ್ಮಣ್ಣನ್ನು ಗೋಂದಿನ ನೀರಲ್ಲಿ ಕಲಸಿ ಬಳಿಯಿರಿ. ಒಣಗಿದ ಮೇಲೆ ಮೇಣದ ಬತ್ತಿ ತಿಕ್ಕಿದರೆ ಹೊಳಪು ಬರುತ್ತದೆ.

ಒಂದು ರಾತ್ರಿ ಒಣಗಲಿ. ಬೆಳಗ್ಗೆ ಕಿಟಕಿ ಹತ್ತಿರ ಎಳೆದು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಹೆಬ್ಬಾಗಿಲಿನಿಂದ ನೋಡಿ. ತೊಟ್ಟಿಗೆ ಬೆಳಕು ಸಾಲದಿದ್ದರೆ ಅದರತ್ತ ಚಾಚಿದ ಸೂರನ್ನು ಒಂದೆರಡು ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ) ಕತ್ತರಿಸಿ, ಮತ್ತೆ ನೋಡಿ.