ಹೊರಗಿನ ಒಲೆಯಲ್ಲಿ ದಾಸು, ಬೆಳ್ಳಿಯರ ಅಡುಗೆ

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಮೀನು, ಮಾಂಸ, ಮೊಟ್ಟೆ ಯಾವುದೂ ಒಳಗೆ ಬಾರದ ಮನೆ. ಆದರೆ ನಾಯಿ ಇಲ್ಲದೆ ಇಲ್ಲಿ ಆಗುವುದಿಲ್ಲ. ರಾತ್ರಿ ಹಂದಿ ಬರುತ್ತದೆ, ಹಗಲು ಮಂಗ ಬರುತ್ತದೆ. ಅಜ್ಜನ ಕಾಲದಿಂದಲೂ ನಾಯಿಗೆ ಹಾಕುತ್ತಾ ಬಂದದ್ದು ಕುಚ್ಚಿಲಕ್ಕಿ ಅನ್ನ ಮತ್ತು ಮಜ್ಜಿಗೆ. ಬೆಳಿಗ್ಗೆ ದೋಸೆ ಉಳಿದರೆ ಅದೂ ಇರುತ್ತಿತ್ತು.

ದಾಸು ಅದನ್ನೇ ತಿಂದು ಬೆಳೆದವನು. ನಾಲ್ಕು ವರ್ಷ ಆಗುವಾಗ ಅವನ ರೋಮ ಒರಟಾಗಿ, ಬಾಲದ ಬುಡದಲ್ಲಿ ಬೋಳಾಯಿತು. ಹೊಟ್ಟೆ ತುಂಬ ತಿನ್ನುತ್ತಿದ್ದ, ಆದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಕಜ್ಜಿ ಎಂದುಕೊಂಡು ಬೇವಿನೆಣ್ಣೆ ಹಚ್ಚಿದೆವು. ಕಡಿಮೆಯಾಗದ ಮೇಲೆ ಮೃಗಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಚರ್ಮ ನೋಡಿದರು, ಹುಳದ ಮಾತ್ರೆ ಕೊಟ್ಟರು. ಆಮೇಲೆ ಊಟಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. "ಅನ್ನ ಹಾಕಿ, ತೊಂದರೆ ಇಲ್ಲ. ಆದರೆ ಅನ್ನ ಮಾತ್ರ ಹಾಕಿದರೆ ಅವನು ರೋಮ ಬೆಳೆಸುವುದು ಯಾವುದರಿಂದ?" ಎಂದರು.

ಪ್ಯಾಕೆಟ್ ತಿಂಡಿ ತಂದು ನೋಡಿದೆವು. ಒಳ್ಳೆಯದು ಕಿಲೋಗೆ 300 ರೂಪಾಯಿ ಹತ್ತಿರ. ದಾಸುವಿನ ತೂಕದ ನಾಯಿಗೆ ದಿನಕ್ಕೆ ಕಾಲು ಕಿಲೋ ಬೇಕು. ಅಡಿಕೆಗೆ ರೋಗ ಬಂದ ವರ್ಷ ಅದು, ನಮ್ಮಿಂದ ಸಾಧ್ಯವಿರಲಿಲ್ಲ.

ಅತ್ತೆಯ ಹತ್ತಿರ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಒಳಗೆ ಬೇಡ. ಕೊಟ್ಟಿಗೆ ಬದಿಯ ಒಲೆಯಲ್ಲಿ ಎಂತ ಬೇಕಾದರೂ ಬೇಯಿಸು ಮಾರಾಯ್ತಿ. ಅದೂ ಒಂದು ಜೀವ ಅಲ್ವಾ" ಎಂದರು. ದನಗಳಿಗೆ ಅಕ್ಕಚ್ಚು ಬಿಸಿ ಮಾಡುವ ಒಲೆ ಅದು. ಒಂದು ಹಳೆಯ ಪಾತ್ರೆ, ಒಂದು ಹಳೆಯ ಕುಕ್ಕರ್, ಒಂದು ಚಾಕು ಅಲ್ಲಿಗೇ ಎಂದು ಇಟ್ಟೆ. ಮೊಟ್ಟೆಯಿಂದ ಶುರು ಮಾಡಿದೆ, ಆಮೇಲೆ ಕೋಳಿ. ಮೊದಲ ದಿನ ಅದನ್ನು ತೊಳೆಯುವುದು ನನಗೆ ಕಷ್ಟವಾಯಿತು. ವಾರದಲ್ಲಿ ಅಭ್ಯಾಸವಾಯಿತು. ಮೂರು ತಿಂಗಳಲ್ಲಿ ದಾಸುವಿನ ಬಾಲದ ಬುಡದಲ್ಲಿ ಹೊಸ ರೋಮ ಬಂತು.

ನಾನು ತಪ್ಪು ಮಾಡಿದ್ದು ಇದಾದ ಮೇಲೆ.

ಆಟಿಯ ಮಳೆಯಲ್ಲಿ ಯಾರೋ ಒಂದು ಮರಿಯನ್ನು ಬಸ್ ಸ್ಟಾಪಿನ ಹತ್ತಿರ ಬಿಟ್ಟು ಹೋಗಿದ್ದರು. ಎರಡು ತಿಂಗಳ ಹೆಣ್ಣು ಮರಿ, ಬಿಳಿ ಬಣ್ಣ. ಬೆಳ್ಳಿ ಎಂದು ಹೆಸರಿಟ್ಟೆವು. ಬೆಳೆಯುವ ಮರಿ ಎಂದು ಅವಳಿಗೆ ಮಾಂಸ ಜಾಸ್ತಿ ಹಾಕಿದೆ, ಮೊಟ್ಟೆ ಹಾಕಿದೆ, ಮೆತ್ತಗೆ ಅನ್ನ ಹಾಕಿದೆ. ಗಂಟಲಿಗೆ ಸಿಕ್ಕೀತು ಎಂದು ಒಂದು ಚೂರು ಎಲುಬೂ ಸೇರದ ಹಾಗೆ ನೋಡಿಕೊಂಡೆ. ಎರಡು ತಿಂಗಳು ಕಳೆಯುವಾಗ ಅವಳು ಕುಂಟಲು ಶುರು ಮಾಡಿದಳು. ಮುಂಗಾಲು ಹೊರಗೆ ಬಾಗುತ್ತಿತ್ತು. ಎತ್ತಿಕೊಂಡರೆ ಕಿರುಚುತ್ತಿದ್ದಳು. ಮಂಗಳೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲುಬು ಬೆಳ್ಳಗೆ ಕಾಣಬೇಕಿತ್ತು. ಅವಳದ್ದು ಸುತ್ತಲಿನ ಮಾಂಸದ ಹಾಗೇ ಮಸುಕಾಗಿತ್ತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅನ್ನದ್ದೂ ಅದೇ ಕತೆ. ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಊಟದಲ್ಲಿ ಸಿಗದಿದ್ದರೆ ದೇಹ ಅದನ್ನು ಎಲುಬಿನಿಂದ ಕಿತ್ತು ತೆಗೆಯುತ್ತದೆ. ದೊಡ್ಡ ನಾಯಿಯಲ್ಲಿ ಇದು ನಿಧಾನವಾಗಿ ನಡೆಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮರಿಯಲ್ಲಿ ಕೆಲವೇ ವಾರ ಸಾಕು. ನಾನು ಪ್ರೀತಿಯಿಂದ ಹಾಕಿದ ಒಂದೊಂದು ತುತ್ತೂ ಅವಳ ಕಾಲನ್ನು ತಿಂದಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳನ್ನು ಮಡಿಲಲ್ಲಿ ಅಲುಗಾಡದ ಹಾಗೆ ಹಿಡಿದುಕೊಂಡಿದ್ದೆ.

ಆರು ವಾರ ಅವಳನ್ನು ಓಡಲು, ಹಾರಲು ಬಿಡಲಿಲ್ಲ. ಸಾಲ ಮಾಡಿಯಾದರೂ ಮರಿಗಳಿಗೆಂದೇ ಇರುವ ಪ್ಯಾಕೆಟ್ ಆಹಾರವನ್ನೇ ತಂದು ಹಾಕಿದೆವು. ಮರಿ ಸಾಕುವವರಿಗೆ ಇದನ್ನೇ ಹೇಳುತ್ತೇನೆ. ವರ್ಷ ತುಂಬುವವರೆಗೆ ಮನೆಯ ಅಂದಾಜಿನ ಅಡುಗೆ ಬೇಡ. ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಹೆದರಿ ಜಾಸ್ತಿ ಹಾಕಿದರೂ ಕಷ್ಟ. ಖರ್ಚು ಉಳಿಸುವುದನ್ನು ದೊಡ್ಡ ನಾಯಿಯ ಊಟದಲ್ಲಿ ನೋಡಿಕೊಳ್ಳಬಹುದು.

ಈಗ ನಾನು ಮಾಡುವ ಅಡುಗೆ ಹೇಳುತ್ತೇನೆ. ದಾಸು 16 ಕಿಲೋ ಇದ್ದಾನೆ. ಇವರು ಅವನನ್ನು ಎತ್ತಿಕೊಂಡು ಕಾಟದ ಮೇಲೆ ನಿಲ್ಲುತ್ತಾರೆ, ಆಮೇಲೆ ಇವರ ತೂಕ ಕಳೆಯುವುದು. ಅವನಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಬೇಕು. ಅದಕ್ಕೆ 100 ಗ್ರಾಂ ಕುಚ್ಚಿಲಕ್ಕಿ, 200 ಗ್ರಾಂ ಕೋಳಿ ಮಾಂಸ, ಒಂದು ಮೊಟ್ಟೆ, 50 ಗ್ರಾಂ ಬೂತಾಯಿ ಮೀನು, ಹೆಬ್ಬೆರಳಿನ ಗಾತ್ರದ ಒಂದು ತುಂಡು ಲಿವರ್, ಒಂದು ಹಿಡಿ ಚೀನಿಕಾಯಿ (ಸಿಹಿಗುಂಬಳ) ಅಥವಾ ಬೀನ್ಸ್, ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ. ಇದನ್ನು ಎರಡು ಹೊತ್ತಿಗೆ ಪಾಲು ಮಾಡುತ್ತೇನೆ. ಲಿವರ್ ಒಳ್ಳೆಯದೆಂದು ಜಾಸ್ತಿ ಹಾಕಬಾರದು. ಅದರಲ್ಲಿ ಎ ವಿಟಮಿನ್ ತುಂಬಾ ಇದೆ, ದೇಹದಲ್ಲಿ ಶೇಖರವಾಗಿ ವಿಷವಾಗುತ್ತದೆ.

ಅನ್ನ ನಾಯಿಯ ಆಹಾರವೇ ಅಲ್ಲ ಎಂದು ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳವನ್ನೂ ನಾಯಿಯನ್ನೂ ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ನಾಯಿಯಲ್ಲಿ ಎಷ್ಟೋ ಜಾಸ್ತಿ ಇದ್ದವು. ಮನುಷ್ಯರ ಜೊತೆ ಇದ್ದು ಅನ್ನ, ರೊಟ್ಟಿ ತಿಂದು ಬಂದ ಪ್ರಾಣಿ ಅದು. ಅನ್ನ ಚೆನ್ನಾಗಿ ಬೇಯಬೇಕು, ಅಷ್ಟೆ. ಕುಚ್ಚಿಲಕ್ಕಿಯಾದರೆ ಬೆರಳಲ್ಲಿ ಒತ್ತಿದಾಗ ಪೂರ್ತಿ ನುರಿಯಬೇಕು.

ಕೋಳಿ ಅಂಗಡಿಯಲ್ಲಿ ಕುತ್ತಿಗೆ, ಬೆನ್ನಿನ ಭಾಗ ಅಗ್ಗಕ್ಕೆ ಸಿಗುತ್ತದೆ. ಬೇಯಿಸಿ, ಆರಿದ ಮೇಲೆ ಕೈಯಲ್ಲೇ ಮಾಂಸ ಬಿಡಿಸುತ್ತೇನೆ. ಎಲುಬನ್ನು ಗುಂಡಿ ತೆಗೆದು ಆಳಕ್ಕೆ ಹೂಳುತ್ತೇವೆ. ಬೆಂದ ಕೋಳಿ ಎಲುಬು ಸೂಜಿಯ ಹಾಗೆ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಬೂತಾಯಿಯ ವಿಷಯ ಬೇರೆ. ಮೀನಿನ ಗಾಡಿಯವರು ಮತ್ತಿ ಎನ್ನುತ್ತಾರೆ, ಪಕ್ಕದ ಮನೆಯ ಅಕ್ಕ ಬೂತಾಯಿ ಎನ್ನುತ್ತಾರೆ. ನಾನು ಮೀನು ಗುರುತಿಸಲು ಕಲಿತದ್ದು ಆ ಅಕ್ಕನಿಂದಲೇ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಾಗಿರಬೇಕು. ಕುಕ್ಕರಿನಲ್ಲಿ ಸ್ವಲ್ಪ ನೀರು ಹಾಕಿ, ಸಣ್ಣ ಬೆಂಕಿಯಲ್ಲಿ ಮುಕ್ಕಾಲು ಗಂಟೆ ಇಡುತ್ತೇನೆ. ಉಪ್ಪು, ಹುಳಿ, ಖಾರ ಯಾವುದೂ ಇಲ್ಲ. ಮುಚ್ಚಳ ತೆಗೆದು ಮೊದಲು ನಡುಮುಳ್ಳನ್ನು ಬೆರಳ ನಡುವೆ ಒತ್ತಿ ನೋಡುತ್ತೇನೆ. ಒದ್ದೆ ಸೀಮೆಸುಣ್ಣದ ಹಾಗೆ ಪುಡಿಯಾಗಬೇಕು. ಆಗದಿದ್ದರೆ ಇನ್ನೂ ಹತ್ತು ನಿಮಿಷ. ಹೀಗೆ ಬೇಯಿಸಿದರೆ ಮುಳ್ಳಿನ ಸಮೇತ ಹಾಕಬಹುದು. ಡಿ ವಿಟಮಿನ್, ಅಯೋಡಿನ್, ರೋಮಕ್ಕೆ ಬೇಕಾದ ಕೊಬ್ಬು ಎಲ್ಲ ಈ ಚಿಕ್ಕ ಮೀನಿನಲ್ಲಿದೆ. ನಮ್ಮ ಫ್ರಿಜ್ಜಿನಲ್ಲಿ ಮೀನಿಡಲು ಆಗದ ಕಾರಣ ಅಕ್ಕ ಅವರ ಫ್ರೀಜರಿನಲ್ಲಿ ನನ್ನ ಒಂದು ಡಬ್ಬ ಇಟ್ಟುಕೊಂಡಿದ್ದಾರೆ.

ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್, ಅಂದರೆ ಯಂತ್ರದ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆ 52 ದಿನ ಮೀನಿನ ಬೆಲೆ ಏರುತ್ತದೆ. ಆಗ ಇನ್ನೊಂದು ಮೊಟ್ಟೆ ಸೇರಿಸುತ್ತೇನೆ, ವಾರಕ್ಕೆ ಒಂದೆರಡು ಸಲ ಮಾತ್ರ ಮೀನು. ಒಣಮೀನು ತಂದರೆ ಉಪ್ಪು ಜಾಸ್ತಿ, ಅದು ಬೇಡ.

ಇನ್ನು ಕ್ಯಾಲ್ಸಿಯಂಗೆಂದು ಹಾಕುವ ಮೊಟ್ಟೆ ಚಿಪ್ಪಿನ ಪುಡಿ. ಪೇಟೆಯ ತಟ್ಟುಕಡೆಯಲ್ಲಿ (ರಸ್ತೆ ಬದಿಯ ತಿಂಡಿ ಅಂಗಡಿ) ಆಮ್ಲೆಟ್ ಹೊಯ್ಯುವವರು ವಾರಕ್ಕೊಮ್ಮೆ ಚಿಪ್ಪನ್ನು ಚೀಲದಲ್ಲಿ ಕಟ್ಟಿ ಇಡುತ್ತಾರೆ. ತಂದ ದಿನವೇ ತೊಳೆದು ಹತ್ತು ನಿಮಿಷ ಕುದಿಸುತ್ತೇನೆ. ಬಿಸಿಲಿದ್ದರೆ ಅಂಗಳದಲ್ಲಿ ಎರಡು ದಿನ ಒಣಗಿಸುವುದು, ಮಳೆಗಾಲದಲ್ಲಿ ಒಲೆಯ ಕಟ್ಟೆಯ ಮೇಲೆ. ಕೈಯಲ್ಲಿ ಹಿಡಿದರೆ ಕಟಕಟ ಮುರಿಯಬೇಕು. ಹಳೆಯ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಬೆರಳಿಗೆ ಹಿಟ್ಟಿನಂತೆ ನಯವಾಗಿ ತಾಗಬೇಕು, ತರಿ ಉಳಿಯಬಾರದು. ಒಂದು ಚಿಪ್ಪಿನಿಂದ ಹತ್ತಿರ ಹತ್ತಿರ ಒಂದು ಟೀ ಚಮಚ ಪುಡಿ ಬರುತ್ತದೆ, ಅದರಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ದಾಸುವಿಗೆ ದಿನಕ್ಕೆ ಮಟ್ಟಸವಾದ ಅರ್ಧ ಚಮಚ ಸಾಕು. ಚಮಚವನ್ನು ಡಬ್ಬದೊಳಗೇ ಇಟ್ಟಿದ್ದೇನೆ. ಅಂದಾಜಿಗೆ ಉದುರಿಸುವ ಕೆಲಸ ಇಲ್ಲ.

ಇಷ್ಟು ಮಾಡಿದರೂ ಕೊರತೆ ಉಳಿಯುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2013ರಲ್ಲಿ ಮನೆಯಲ್ಲಿ ಮಾಡುವ ನಾಯಿ ಊಟದ 200 ಪಾಕವಿಧಾನಗಳನ್ನು ಪರೀಕ್ಷಿಸಿದ್ದರು. 95 ಶೇಕಡಾದಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಹಾಗಾಗಿ ನನ್ನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿದೆ. ಅವರು ಸತು, ಇ ವಿಟಮಿನ್ ಇರುವ ಒಂದು ಮಾತ್ರೆ ಸೇರಿಸಿದರು. ನಿಮ್ಮ ನಾಯಿಗೂ ನನ್ನ ಅಳತೆಯನ್ನು ಹಾಗೇ ತೆಗೆದುಕೊಳ್ಳಬೇಡಿ, ಒಮ್ಮೆ ತೋರಿಸಿ. ಕಿಡ್ನಿ ತೊಂದರೆ ಇರುವ ನಾಯಿಗಂತೂ ಲೆಕ್ಕವೇ ಬೇರೆ.

ಉಳಿದ ಸಾಂಬಾರು, ಮೀನುಸಾರು ಅನ್ನಕ್ಕೆ ಕಲಸಿ ಹಾಕುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಪಾಯಸದಲ್ಲಿರುವ ಒಣದ್ರಾಕ್ಷಿಯಿಂದ ಕಿಡ್ನಿಯೇ ಕೈಕೊಡಬಹುದು. ಹೊಸ ಊಟಕ್ಕೆ ಬದಲಾಯಿಸುವುದೂ ಒಂದೇ ದಿನದಲ್ಲಿ ಬೇಡ. ವಾರ, ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸಿ, ಇಲ್ಲದಿದ್ದರೆ ಭೇದಿ.

ದಾಸುವಿನ ಊಟಕ್ಕೆ ಈಗ ದಿನಕ್ಕೆ 40ರಿಂದ 45 ರೂಪಾಯಿ ಆಗುತ್ತದೆ. ಸೌದೆ ತೋಟದ್ದು, ಚೀನಿಕಾಯಿ ಹಿತ್ತಿಲದ್ದು.

ಬೆಳ್ಳಿಗೆ ವರ್ಷ ತುಂಬಿದ ಮೇಲೆ, ಇನ್ನೊಮ್ಮೆ ಎಕ್ಸ್‌ರೇ ನೋಡಿ ಡಾಕ್ಟರು ಸರಿ ಎಂದ ಮೇಲೆ ಅವಳನ್ನೂ ಮನೆಯ ಅಡುಗೆಗೆ ತಂದೆವು. 12 ಕಿಲೋ ಇದ್ದಾಳೆ. ದಾಸುವಿಗೆ ಹಾಕುವ ಐದು ಪಾಲಿನಲ್ಲಿ ನಾಲ್ಕು ಪಾಲು ಅವಳಿಗೆ. ಎಡ ಮುಂಗಾಲು ಸ್ವಲ್ಪ ಸೊಟ್ಟವೇ ಉಳಿಯಿತು, ಆದರೆ ಮಂಗ ಕಂಡರೆ ದಾಸುವಿಗಿಂತ ಮುಂದೆ ಓಡುತ್ತಾಳೆ. ಸಂಜೆ ಅಡಿಕೆ ಹಾಳೆಯ ಪಡಿಗೆಯಲ್ಲಿ ಊಟ ಕಲಸುವಾಗ ಅತ್ತೆ ಜಗಲಿಯಿಂದಲೇ ಕೇಳುತ್ತಾರೆ, "ಬೆಳ್ಳಿಯದ್ದಕ್ಕೆ ಪುಡಿ ಹಾಕಿದೆಯಾ?"